ಒಂದು ಕಾಗದ ಇದ್ದರೆ ಯೋಧ, ಇಲ್ಲದಿದ್ದರೆ ಕಡಲ್ಗಳ್ಳ: 'ದಿ ಬಕನಿಯರ್' ಸಿನಿಮಾದ ಹಿಂದಿನ ಕಥೆ

1958ರ 'ದಿ ಬಕನಿಯರ್' ಸಿನಿಮಾದ ಕೊನೆಯ ಹೊತ್ತಿಗೆ ಒಂದು ಔತಣದ ರಾತ್ರಿ ಬರುತ್ತದೆ. 1815ರ ಕಾದಾಟದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಊರು ಬ್ರಿಟಿಷ್ ಸೈನ್ಯವನ್ನು ಸೋಲಿಸಿದೆ. ದೀಪ, ಸಂಗೀತ, ಕುಣಿತ. ಆ ಗೆಲುವಿಗೆ ಹೆಗಲು ಕೊಟ್ಟ ಕಡಲ್ಗಳ್ಳ ಝಾನ್ ಲಾಫಿಟ್ ಅತಿಥಿಯಾಗಿ ಒಳಗೆ ಬರುತ್ತಾನೆ. ಅಷ್ಟರಲ್ಲಿ ಒಂದು ಹಳೆಯ ಗುಟ್ಟು ಬಯಲಾಗುತ್ತದೆ. ಅವನ ಕಡೆಯ ಹಡಗೊಂದು 'ಕೊರಿಂಥಿಯನ್' ಅನ್ನುವ ಅಮೆರಿಕನ್ ಹಡಗನ್ನು ದೋಚಿ ಮುಳುಗಿಸಿತ್ತು. ಊರಿನವರ ಮಕ್ಕಳೇ ಅದರಲ್ಲಿ ಸತ್ತಿದ್ದರು. ನೋಡನೋಡುತ್ತಲೇ ಹಾರ ಹಾಕಬೇಕಾದ ಜನ ನೇಣಿನ ಹಗ್ಗ ಕೇಳುತ್ತಾರೆ. ಜನರಲ್ ಆಂಡ್ರ್ಯೂ ಜಾಕ್ಸನ್ ಅಡ್ಡ ಬಂದು ಲಾಫಿಟ್‌ಗೆ ತಪ್ಪಿಸಿಕೊಳ್ಳಲು ಒಂದಿಷ್ಟು ಸಮಯ ಕೊಡಿಸುತ್ತಾನೆ.

ಮೊದಲ ಸಲ ನೋಡಿದಾಗ ನನಗೆ ಇದರ ತಲೆಬುಡ ತಿಳಿಯಲಿಲ್ಲ. ಇವನು ಕಳ್ಳ ಅಂತ ಊರಿಗೇ ಗೊತ್ತಿತ್ತು ಅಲ್ವಾ? ಹಾಗಿದ್ದರೆ ನಿನ್ನೆವರೆಗೆ ಮರ್ಯಾದೆ ಯಾಕೆ, ಇವತ್ತು ಹಗ್ಗ ಯಾಕೆ? ಅಮೆರಿಕದ ಹಡಗು ಮುಟ್ಟಿದ್ದು ಮಾತ್ರ ಯಾಕೆ ಇಷ್ಟು ದೊಡ್ಡ ತಪ್ಪು? ಸ್ಪೇನಿನ ಹಡಗುಗಳನ್ನು ಅವನು ವರ್ಷಗಟ್ಟಲೆ ದೋಚಿದ್ದನಲ್ಲ? ಇದಕ್ಕೆ ಉತ್ತರ ಸಿನಿಮಾದೊಳಗೆ ಪೂರ್ತಿ ಸಿಗುವುದಿಲ್ಲ. ಒಂದು ಹಳೆಯ ಕಾನೂನಿನಲ್ಲಿ ಸಿಗುತ್ತದೆ. ಆ ಕಾನೂನು ಅರ್ಥವಾದ ಮೇಲೆ ಇಡೀ ಸಿನಿಮಾ ನನಗೆ ಬೇರೆಯೇ ಆಗಿ ಕಂಡಿತು.

ಮೊದಲು ಸಿನಿಮಾದ ವಿಷಯ ಸ್ವಲ್ಪ. ಈ ಕಥೆಯನ್ನು ಹಾಲಿವುಡ್ ಎರಡು ಸಲ ತೆಗೆದಿದೆ. 1938ರಲ್ಲಿ ಸೆಸಿಲ್ ಬಿ. ಡಿಮಿಲ್ ತಾವೇ ನಿರ್ದೇಶಿಸಿದರು. ಫ್ರೆಡ್ರಿಕ್ ಮಾರ್ಚ್ ಲಾಫಿಟ್ ಆಗಿದ್ದರು. ಬ್ರಿಟಿಷರು ವಾಷಿಂಗ್ಟನ್ ನಗರಕ್ಕೆ ಬೆಂಕಿ ಇಡುವ ದೃಶ್ಯದಿಂದ ಆ ಸಿನಿಮಾ ಶುರುವಾಗುತ್ತದೆ. ಅದರಲ್ಲಿ ಸಣ್ಣ ಪಾತ್ರ ಮಾಡಿದ್ದ ಹುಡುಗ ಆಂಥನಿ ಕ್ವಿನ್. ಅವರು ಡಿಮಿಲ್ ಅವರ ಅಳಿಯ ಕೂಡ. ಇಪ್ಪತ್ತು ವರ್ಷ ಆದಮೇಲೆ ಅದೇ ಕಥೆಯನ್ನು ಬಣ್ಣದಲ್ಲಿ ತೆಗೆಯುವ ಯೋಚನೆ ಬಂದಾಗ ಡಿಮಿಲ್ ಅವರ ಆರೋಗ್ಯ ಕೆಟ್ಟಿತ್ತು. ನಿರ್ದೇಶನದ ಹೊಣೆ ಅಳಿಯನ ಹೆಗಲಿಗೆ ಬಂತು. ಕ್ವಿನ್ ಜೀವನದಲ್ಲಿ ನಿರ್ದೇಶಿಸಿದ ಸಿನಿಮಾ ಇದೊಂದೇ. ಲಾಫಿಟ್ ಆಗಿ ಯೂಲ್ ಬ್ರಿನ್ನರ್. ಅವರ ಬೋಳುತಲೆ ಜಗತ್ತಿಗೆಲ್ಲ ಗೊತ್ತಿತ್ತು, ಇಲ್ಲಿ ತಲೆತುಂಬ ಗುಂಗುರು ಕೂದಲು. ಜಾಕ್ಸನ್ ಆಗಿ ಚಾರ್ಲ್‌ಟನ್ ಹೆಸ್ಟನ್. ಶುರುವಿನಲ್ಲಿ ಡಿಮಿಲ್ ತೆರೆ ಮೇಲೆ ಬಂದು ನಮಗೆ ಹಿನ್ನೆಲೆ ಹೇಳುತ್ತಾರೆ. ಸಿನಿಮಾ ಬಿಡುಗಡೆಯಾಗಿ ಸ್ವಲ್ಪ ದಿನಕ್ಕೇ, 1959ರ ಜನವರಿಯಲ್ಲಿ, ಅವರು ತೀರಿಕೊಂಡರು.

ಈಗ ಕಾಗದದ ವಿಷಯಕ್ಕೆ ಬರೋಣ.

ಆ ಕಾಲದಲ್ಲಿ ಎರಡು ದೇಶಗಳ ನಡುವೆ ಯುದ್ಧ ಬಂದರೆ ಸರ್ಕಾರದ ನೌಕಾಪಡೆ ಮಾತ್ರ ಹೋರಾಡುತ್ತಿರಲಿಲ್ಲ. ಹಡಗು ಇಟ್ಟುಕೊಂಡ ವ್ಯಾಪಾರಿಯೂ ಸರ್ಕಾರದ ಹತ್ತಿರ ಹೋಗಿ ಒಂದು ಪತ್ರ ಬರೆಸಿಕೊಳ್ಳಬಹುದಿತ್ತು. 'ಶತ್ರು ದೇಶದ ಹಡಗುಗಳನ್ನು ಹಿಡಿಯಲು ಇವನಿಗೆ ನಮ್ಮ ಒಪ್ಪಿಗೆ ಇದೆ' ಅನ್ನುವ ಪತ್ರ. ಇಂಗ್ಲಿಷಿನಲ್ಲಿ ಇದಕ್ಕೆ ಲೆಟರ್ ಆಫ್ ಮಾರ್ಕ್ ಅನ್ನುತ್ತಾರೆ. ನಮ್ಮ ಹಳೆಯ ಕಾಗದಪತ್ರಗಳಲ್ಲಿ ಸನ್ನದು ಅನ್ನುವ ಮಾತಿದೆಯಲ್ಲ, ಅಂಥದ್ದೇ ಅಂದುಕೊಳ್ಳಿ. ಸನ್ನದು ಇದ್ದವನು ಪ್ರೈವೇಟಿಯರ್. ಅವನು ಹಿಡಿದ ಹಡಗನ್ನು ಸನ್ನದು ಕೊಟ್ಟ ದೇಶದ ಕೋರ್ಟಿನ ಮುಂದೆ ತರಬೇಕು. ಅದು ನಿಜವಾಗಿ ಶತ್ರುವಿನದೇ ಹೌದಾ ಅಂತ ನ್ಯಾಯಾಧೀಶರು ನೋಡುತ್ತಾರೆ. ಹೌದು ಅಂದರೆ ಹಡಗು, ಸರಕು ಎರಡೂ ಹರಾಜಾಗುತ್ತವೆ. ಹಣ ಮಾಲೀಕ, ಕ್ಯಾಪ್ಟನ್, ಆಳುಗಳ ನಡುವೆ ಹಂಚಿಕೆಯಾಗುತ್ತದೆ. ಸಿಕ್ಕಿಬಿದ್ದರೆ ಅವನು ಯುದ್ಧಕೈದಿ. ಅದೇ ಕೆಲಸವನ್ನು ಕಾಗದ ಇಲ್ಲದೆ ಮಾಡಿದವನು ಕಡಲ್ಗಳ್ಳ. ಸಿಕ್ಕಿಬಿದ್ದರೆ ಅವನಿಗೆ ನೇಣು.

ಫಿರಂಗಿ ಒಂದೇ, ಕತ್ತಿ ಒಂದೇ, ಎದುರಿನ ಹಡಗಿನವರ ಕಿರುಚಾಟವೂ ಒಂದೇ. ವ್ಯತ್ಯಾಸ ಕ್ಯಾಪ್ಟನ್ನನ ಪೆಟ್ಟಿಗೆಯೊಳಗಿರುವ ಕಾಗದದ್ದು.

ಇದು ಕದ್ದುಮುಚ್ಚಿ ನಡೆಯುತ್ತಿದ್ದ ವ್ಯವಹಾರ ಅಲ್ಲ. ಇಂಥ ಸನ್ನದು ಕೊಡುವ ಅಧಿಕಾರ ಸಂಸತ್ತಿಗೆ ಇದೆ ಅಂತ ಅಮೆರಿಕದ ಸಂವಿಧಾನದಲ್ಲೇ ಬರೆದಿದೆ. 1812ರಲ್ಲಿ ಬ್ರಿಟನ್ ಮೇಲೆ ಯುದ್ಧ ಸಾರಿದಾಗ ಅಮೆರಿಕದ ಹತ್ತಿರ ಇದ್ದ ಯುದ್ಧನೌಕೆಗಳು ಬೆರಳೆಣಿಕೆಯಷ್ಟು. ಬ್ರಿಟನ್ನಿನ ಹತ್ತಿರ ನೂರಾರು. ಆ ಕೊರತೆ ತುಂಬಲು ಅಮೆರಿಕ ಸುಮಾರು 500 ಖಾಸಗಿ ಹಡಗುಗಳಿಗೆ ಸನ್ನದು ಕೊಟ್ಟಿತು. ಈ ಪದ್ಧತಿಯನ್ನು ಯುರೋಪಿನ ದೇಶಗಳು ಕೈಬಿಟ್ಟದ್ದು 1856ರ ಪ್ಯಾರಿಸ್ ಘೋಷಣೆಯಲ್ಲಿ. ಅಮೆರಿಕ ಆಗಲೂ ಅದಕ್ಕೆ ಸಹಿ ಹಾಕಲಿಲ್ಲ.

ಹಾಗಾದರೆ ಲಾಫಿಟ್ ಹತ್ತಿರ ಕಾಗದ ಇತ್ತಾ? ಇತ್ತು. ಗಂಟು ಇರುವುದು ಇಲ್ಲೇ. ಅದು ಅಮೆರಿಕದ ಕಾಗದ ಅಲ್ಲ. ದಕ್ಷಿಣ ಅಮೆರಿಕದಲ್ಲಿ, ಇವತ್ತಿನ ಕೊಲಂಬಿಯಾದ ಕಡಲತೀರದಲ್ಲಿ ಕಾರ್ಟಹೇನಾ ಅನ್ನುವ ಬಂದರು ಇದೆ. 1811ರಲ್ಲಿ ಆ ಊರು ಸ್ಪೇನಿನಿಂದ ತಾನು ಸ್ವತಂತ್ರ ಅಂತ ಸಾರಿಕೊಂಡು, ಸ್ಪೇನಿನ ಹಡಗು ಹಿಡಿಯಲು ಸನ್ನದು ಕೊಡತೊಡಗಿತು. ಲಾಫಿಟ್ ಕಡೆಯವರು ಅದೇ ಕಾಗದ ಹಿಡಿದು ಮೆಕ್ಸಿಕೊ ಕೊಲ್ಲಿಯಲ್ಲಿ ಸ್ಪೇನಿನ ಹಡಗು ಹಿಡಿಯುತ್ತಿದ್ದರು. ಇಲ್ಲಿಯವರೆಗೆ ಒಂದು ಲೆಕ್ಕದಲ್ಲಿ ಸರಿ. ಆದರೆ ಹಿಡಿದ ಸರಕನ್ನು ಕಾರ್ಟಹೇನಾದ ಕೋರ್ಟಿಗೆ ಒಯ್ಯುವ ಬದಲು ನ್ಯೂ ಆರ್ಲಿಯನ್ಸ್‌ನ ದಕ್ಷಿಣಕ್ಕಿರುವ ಬರಟಾರಿಯಾ ಕೊಲ್ಲಿಗೆ ತರುತ್ತಿದ್ದರು. ಅಲ್ಲಿ ಗ್ರ್ಯಾಂಡ್ ಟೆರ್ ದ್ವೀಪದಲ್ಲಿ ಇಳಿಸಿ, ಜೌಗಿನ ನಡುವಿನ ಕಾಲುವೆಗಳಲ್ಲಿ ದೋಣಿ ಹಾಕಿ ಊರಿಗೆ ಸಾಗಿಸುತ್ತಿದ್ದರು. ಸುಂಕ ಕಟ್ಟುತ್ತಿರಲಿಲ್ಲ. ಅಂದರೆ ಸಮುದ್ರದಲ್ಲಿ ಅರ್ಧ ಕಾನೂನು, ದಡಕ್ಕೆ ಬಂದಮೇಲೆ ಪೂರ್ತಿ ಕಳ್ಳಸಾಗಣೆ.

ತಾನು ಅಮೆರಿಕದ ಹಡಗನ್ನು ಎಂದೂ ಮುಟ್ಟಿಲ್ಲ ಅಂತ ಲಾಫಿಟ್ ಕೊನೆವರೆಗೂ ಹೇಳುತ್ತಿದ್ದ. ತನ್ನನ್ನು ಕಡಲ್ಗಳ್ಳ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಈಗ ಸಿನಿಮಾದ 'ಕೊರಿಂಥಿಯನ್' ಹಡಗನ್ನು ನೆನಪಿಸಿಕೊಳ್ಳಿ. ಅದು ಚಿತ್ರಕಥೆಗಾರರು ಕಟ್ಟಿದ ಕಥೆ. ಆದರೆ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಆ ಒಂದು ಗೆರೆ ದಾಟಿದರೆ ಅವನ ಕೈಯ ಕಾಗದಕ್ಕೆ ಕಿಮ್ಮತ್ತಿಲ್ಲ. ಔತಣದ ಮನೆಯಲ್ಲಿ ಜನ ಹಗ್ಗ ಕೇಳಿದ್ದು ಅದಕ್ಕೇ.

ಊರಿನವರಿಗೆ ಅವನು ಯಾಕೆ ಬೇಕಾಗಿದ್ದ ಅನ್ನುವುದನ್ನೂ ನೋಡಬೇಕು. ನ್ಯೂ ಆರ್ಲಿಯನ್ಸ್ ಇರುವ ಲೂಯಿಸಿಯಾನಾ ಅಮೆರಿಕದ ಕೈಗೆ ಬಂದದ್ದು 1803ರಲ್ಲಿ, ಫ್ರಾನ್ಸಿನಿಂದ ಕೊಂಡು. ರಾಜ್ಯ ಅಂತ ಆದದ್ದು 1812ರಲ್ಲಿ. ಊರಿನ ಬಹಳಷ್ಟು ಜನ ಫ್ರೆಂಚ್ ಮಾತಾಡುವವರು. ವಾಷಿಂಗ್ಟನ್ ಅವರಿಗೆ ದೂರದ ಊರು, ಅಲ್ಲಿಂದ ಬಂದ ಗವರ್ನರ್ ಕ್ಲೈಬೋರ್ನ್ ಪರಕೀಯ. ಮೊದಲು ವ್ಯಾಪಾರ ನಿಷೇಧ, ಆಮೇಲೆ ಯುದ್ಧ, ಬ್ರಿಟಿಷರ ಕಡಲ ದಿಗ್ಬಂಧನ. ಅಂಗಡಿಗಳಲ್ಲಿ ಸಾಮಾನು ಸಿಗುತ್ತಿರಲಿಲ್ಲ. ಲಾಫಿಟ್ ಹತ್ತಿರ ಬಟ್ಟೆ, ಮದ್ಯ, ಮಸಾಲೆ ಎಲ್ಲ ಇತ್ತು, ಅದೂ ಕಡಿಮೆ ಬೆಲೆಗೆ. ಅವನು ನಡೆಸುವ ಹರಾಜಿಗೆ ಊರಿನ ದೊಡ್ಡ ಮನೆಯವರೇ ಹೋಗುತ್ತಿದ್ದರು. 1813ರ ನವೆಂಬರಿನಲ್ಲಿ ಗವರ್ನರ್ ಅವನ ತಲೆಗೆ 500 ಡಾಲರ್ ಬಹುಮಾನ ಸಾರಿದ. ಲಾಫಿಟ್ ತಿರುಗಿ ಗವರ್ನರನ ತಲೆಗೇ ಇನ್ನೂ ಜಾಸ್ತಿ ಬಹುಮಾನ ಸಾರಿದನಂತೆ. ಊರು ಇವತ್ತಿಗೂ ಹೇಳಿಕೊಂಡು ನಗುವ ಕಥೆ ಇದು.

ಆದರೆ ಆ ಹರಾಜಿನಲ್ಲಿ ಬಟ್ಟೆ, ಮದ್ಯ ಮಾತ್ರ ಇರಲಿಲ್ಲ. ಮನುಷ್ಯರೂ ಇದ್ದರು. 1808ರಿಂದ ಹೊರದೇಶದ ಗುಲಾಮರನ್ನು ಅಮೆರಿಕಕ್ಕೆ ತರುವುದು ಕಾನೂನುಬಾಹಿರ. ಹಾಗಾಗಿ ಕದ್ದು ತಂದ ಗುಲಾಮರಿಗೆ ಬೇಡಿಕೆ ಹೆಚ್ಚಿತು. ಸ್ಪೇನಿನ ಗುಲಾಮರ ಹಡಗು ಹಿಡಿದು, ಅದರಲ್ಲಿದ್ದ ಆಫ್ರಿಕನ್ನರನ್ನು ತೋಟದ ಮಾಲೀಕರಿಗೆ ಮಾರುವುದು ಲಾಫಿಟ್ ಸಹೋದರರ ಸಂಪತ್ತಿನ ದೊಡ್ಡ ಭಾಗವಾಗಿತ್ತು. ಎರಡೂ ಸಿನಿಮಾಗಳು ಅವನ ವ್ಯಾಪಾರದ ಈ ಮುಖ ತೋರಿಸುವುದಿಲ್ಲ. ಬ್ರಿನ್ನರ್ ಎಷ್ಟೇ ಚೆನ್ನಾಗಿ ನಿಂತು ಮಾತಾಡಲಿ, ಇದನ್ನು ಬಿಟ್ಟು ಲಾಫಿಟ್‌ನನ್ನು ಪ್ರೀತಿಸುವುದು ನನ್ನಿಂದ ಆಗುವುದಿಲ್ಲ. ಕಾಗದದ ಕಾನೂನು ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು, ಯಾರನ್ನು ಬರೀ ಸರಕು ಅಂತ ಬರೆಯುತ್ತಿತ್ತು ಅನ್ನುವುದೂ ಈ ಕಥೆಯ ಭಾಗವೇ.

1814ರ ಸೆಪ್ಟೆಂಬರ್ 3ರಂದು 'ಸೋಫಿ' ಅನ್ನುವ ಬ್ರಿಟಿಷ್ ಹಡಗು ಗ್ರ್ಯಾಂಡ್ ಟೆರ್ ದ್ವೀಪದ ಮುಂದೆ ಲಂಗರು ಹಾಕಿತು. ಕ್ಯಾಪ್ಟನ್ ಲಾಕ್ಯರ್ ಪತ್ರಗಳ ಕಟ್ಟು ಹಿಡಿದು ದಡಕ್ಕೆ ಬಂದ. ನಮ್ಮ ಕಡೆ ಸೇರಿಕೊ, ನಿನಗೆ ಕ್ಯಾಪ್ಟನ್ ಪದವಿ, ನಿನ್ನ ಜನಕ್ಕೆ ಭೂಮಿ. ಒಪ್ಪದಿದ್ದರೆ ಬರಟಾರಿಯಾ ಉಳಿಯುವುದಿಲ್ಲ. ಬ್ರಿಟಿಷರಿಗೆ ಇವರ ಸ್ನೇಹ ಯಾಕೆ ಬೇಕಿತ್ತು ಅಂದರೆ, ನ್ಯೂ ಆರ್ಲಿಯನ್ಸ್ ಸುತ್ತ ಇರುವುದೆಲ್ಲ ಜೌಗು. ಯಾವ ಕಾಲುವೆಯಲ್ಲಿ ದೋಣಿ ಹೋಗುತ್ತದೆ, ಯಾವುದು ಕೆಸರಲ್ಲಿ ಕೊನೆಯಾಗುತ್ತದೆ ಅನ್ನುವುದು ಕಳ್ಳಸಾಗಣೆಯವರಿಗೆ ಅಂಗೈ ಗೆರೆಯಷ್ಟು ಪರಿಚಯ.

ಲಾಫಿಟ್ ಹದಿನೈದು ದಿನ ಸಮಯ ಕೇಳಿದ. ಬ್ರಿಟಿಷರು ಹೋದ ಕೂಡಲೇ ಅವರ ಪತ್ರಗಳನ್ನು ನ್ಯೂ ಆರ್ಲಿಯನ್ಸ್‌ನ ಒಬ್ಬ ಶಾಸಕನಿಗೆ ಕಳಿಸಿದ. ಗವರ್ನರನಿಗೂ ಪತ್ರ ಬರೆದ. ತಾನು ದಾರಿ ತಪ್ಪಿದ ಕುರಿ, ಮತ್ತೆ ಹಟ್ಟಿಗೆ ಸೇರಬೇಕು ಅಂತಿದ್ದೇನೆ ಅನ್ನುವ ಮಾತು ಅದರಲ್ಲಿದೆ. ತಲೆಗೆ 500 ಡಾಲರ್ ಕಟ್ಟಿದವನಿಗೇ ಬರೆದ ಪತ್ರ! ಸಿನಿಮಾ ಇದನ್ನು ದೇಶಪ್ರೇಮ ಅಂತ ತೋರಿಸುತ್ತದೆ. ಪ್ರೇಮವೂ ಇದ್ದಿರಬಹುದು. ಆದರೆ ಅವನ ಅಣ್ಣ ಪಿಯೆರ್ ಆಗ ನ್ಯೂ ಆರ್ಲಿಯನ್ಸ್ ಜೈಲಿನಲ್ಲಿ ಸರಪಳಿಯಲ್ಲಿದ್ದ ಅನ್ನುವುದನ್ನು ಮರೆಯಬಾರದು. ಬ್ರಿಟಿಷರು ಸ್ಪೇನಿಗೆ ಮಿತ್ರರು ಕೂಡ. ಅವರು ಗೆದ್ದರೆ ಸ್ಪೇನಿನ ಹಡಗು ಹಿಡಿಯುವ ಕಸುಬು ಅಲ್ಲಿಗೆ ಮುಗಿಯಿತು. ನನಗನ್ನಿಸುವುದು, ಅವನಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದು ಕ್ಷಮಾಪತ್ರ. ಕಾರ್ಟಹೇನಾದ ಕಾಗದ ಅಮೆರಿಕದ ಕೋರ್ಟಿನಲ್ಲಿ ತನ್ನನ್ನು ಕಾಯುವುದಿಲ್ಲ ಅಂತ ಅವನಿಗೆ ತಿಳಿದುಹೋಗಿತ್ತು.

ಅಮೆರಿಕ ಕೊಟ್ಟ ಉತ್ತರ ಫಿರಂಗಿಯಲ್ಲಿ ಬಂತು. ಸೆಪ್ಟೆಂಬರ್ 16ರಂದು ಕಮೋಡರ್ ಪ್ಯಾಟರ್ಸನ್ ನೌಕಾಪಡೆಯ ಹಡಗುಗಳೊಂದಿಗೆ ಬರಟಾರಿಯಾ ಮೇಲೆ ಬಿದ್ದ. ಹಡಗು, ಸರಕು ಎಲ್ಲ ವಶವಾಯಿತು, ಸುಮಾರು 80 ಜನ ಸೆರೆಯಾದರು. ಅಮೆರಿಕದ ಬಾವುಟದ ಮೇಲೆ ಗುಂಡು ಹಾರಿಸುವುದು ಬೇಡ ಅಂತ ಲಾಫಿಟ್ ಹೇಳಿದ್ದರಿಂದ ದೊಡ್ಡ ಪ್ರತಿರೋಧ ಬರಲಿಲ್ಲ. ಜಾಕ್ಸನ್ನಿಗೂ ಈ ಜನರ ಮೇಲೆ ಹೇಸಿಗೆ. ನರಕದ ಡಕಾಯಿತರು ಅನ್ನುವ ಅರ್ಥದ ಮಾತನ್ನೇ ಬಳಸಿದ್ದ.

ಡಿಸೆಂಬರ್ ಶುರುವಿನಲ್ಲಿ ಜಾಕ್ಸನ್ ನ್ಯೂ ಆರ್ಲಿಯನ್ಸ್‌ಗೆ ಬಂದ. ಹೆಸ್ಟನ್ ಎತ್ತರದ ಗಟ್ಟಿ ಆಳಾಗಿ ಕಾಣುತ್ತಾರೆ. ನಿಜದ ಜಾಕ್ಸನ್ ಆಗ 47 ವರ್ಷದ, ಭೇದಿಯಿಂದ ಒಣಗಿಹೋದ, ಎಲುಬು ಕಾಣುವ ಮನುಷ್ಯ. ಅವನ ಸೈನ್ಯವೂ ಚೂರುಪಾರು ಸೇರಿಸಿ ಹೊಲಿದ ಕೌದಿಯಂತೆ ಇತ್ತು. ಟೆನೆಸ್ಸಿಯ ಬೇಟೆಗಾರರು, ಊರಿನ ಫ್ರೆಂಚ್ ಯುವಕರು, ಸ್ವತಂತ್ರ ಕಪ್ಪು ಜನರ ಪಡೆ, ಚೊಕ್ಟಾ ಬುಡಕಟ್ಟಿನವರು. ಇಲ್ಲದೇ ಇದ್ದದ್ದು ಫಿರಂಗಿ ಹಾರಿಸಲು ಪಳಗಿದ ಕೈ. ಇನ್ನೊಂದು ಕೊರತೆ, ಕೇಳಲು ಬಹಳ ಚಿಕ್ಕದು: ಕಲ್ಲು.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಆಗಿನ ಕೋವಿಗೆ ಇವತ್ತಿನ ತೋಟಾ ಇಲ್ಲ. ನಳಿಗೆಯೊಳಗೆ ಮದ್ದು ಸುರಿದು, ಸೀಸದ ಗುಂಡು ಹಾಕಿ, ಕೋಲಿನಿಂದ ಜಡಿಯಬೇಕು. ಪಕ್ಕದಲ್ಲಿ ಚಿಕ್ಕ ಬಟ್ಟಲಿನಂಥ ಜಾಗದಲ್ಲಿ ಚಿಟಿಕೆ ಮದ್ದು. ಅದರ ಮೇಲೆ ಉಕ್ಕಿನ ತಗಡು. ಎದುರಿಗೆ ಕೊಕ್ಕಿನಂಥ ಹಿಡಿ, ಅದರ ಬಾಯಲ್ಲಿ ಚರ್ಮದ ತುಂಡಿನಲ್ಲಿ ಸುತ್ತಿಟ್ಟ ಚಕಮಕಿ ಕಲ್ಲು. ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದರೆ ಕೊಕ್ಕು ಬಂದು ಉಕ್ಕಿಗೆ ಉಜ್ಜುತ್ತದೆ, ಕಿಡಿ ಮದ್ದಿನ ಮೇಲೆ ಬೀಳುತ್ತದೆ, ಸಣ್ಣ ತೂತಿನಿಂದ ಬೆಂಕಿ ಒಳಗೆ ಹೋಗಿ ಗುಂಡು ಹಾರುತ್ತದೆ. ಉಗುರಿನಗಲದ ಆ ಕಲ್ಲು ಮೊಂಡಾದರೆ ಅಥವಾ ಒಡೆದರೆ ಕೋವಿ ಬರೀ ದೊಣ್ಣೆ. ಕಲ್ಲು ಇಪ್ಪತ್ತೋ ಮೂವತ್ತೋ ಸಲ ಹೊಡೆದ ಮೇಲೆ ಬದಲಿಸಬೇಕು. ಜಾಕ್ಸನ್ನಿನ ಸಾವಿರಾರು ಜನಕ್ಕೆ ಬೇಕಾದಷ್ಟು ಕಲ್ಲು ಇರಲಿಲ್ಲ. ಬರಟಾರಿಯಾದವರಿಂದ 7,500 ಚಕಮಕಿ ಕಲ್ಲು ಬಂತು ಅಂತ ಜಾಕ್ಸನ್ ಆಮೇಲೆ ಬರೆದಿದ್ದಾನೆ.

ಕಲ್ಲಿಗಾಗಿ, ಮದ್ದಿಗಾಗಿ, ಫಿರಂಗಿಯ ಕೈಗಳಿಗಾಗಿ ಜಾಕ್ಸನ್ ತನ್ನ ಮಾತು ನುಂಗಿಕೊಂಡ. ಜೈಲಿನಲ್ಲಿದ್ದವರನ್ನು ಬಿಡಿಸಿ ಸೈನ್ಯಕ್ಕೆ ಸೇರಿಸಿಕೊಂಡರು. ಯುದ್ಧದಲ್ಲಿ ದುಡಿದರೆ ಕ್ಷಮೆಗೆ ಶಿಫಾರಸು ಮಾಡುತ್ತೇನೆ ಅನ್ನುವುದು ಒಪ್ಪಂದ.

1815ರ ಜನವರಿ 8ರ ಬೆಳಗ್ಗೆ ನ್ಯೂ ಆರ್ಲಿಯನ್ಸ್ ಹತ್ತಿರದ ಶಾಲ್ಮೆಟ್ ಬಯಲಿನಲ್ಲಿ ಮಂಜು ಮುಸುಕಿತ್ತು. ಕಬ್ಬಿನ ತೋಟಗಳ ನಡುವಿನ ಕಾಲುವೆಯೊಂದರ ಹಿಂದೆ ಜಾಕ್ಸನ್ ಮಣ್ಣಿನ ಗೋಡೆ ಎಬ್ಬಿಸಿದ್ದ. ಒಂದು ಕಡೆ ಮಿಸಿಸಿಪ್ಪಿ ನದಿ, ಇನ್ನೊಂದು ಕಡೆ ಜೌಗಿನ ಕಾಡು. ಬ್ರಿಟಿಷರಿಗೆ ನೇರ ಮುಂದೆ ಬರುವುದು ಬಿಟ್ಟು ದಾರಿ ಇಲ್ಲ. ಕಾಲುವೆ ತುಂಬಿಸಲು ಕಬ್ಬಿನ ಹೊರೆಗಳನ್ನೂ ಗೋಡೆ ಹತ್ತಲು ಏಣಿಗಳನ್ನೂ ಸಿದ್ಧ ಮಾಡಿದ್ದರು. ಅವನ್ನು ಹೊತ್ತು ತರಬೇಕಿದ್ದ 44ನೇ ರೆಜಿಮೆಂಟು ಬಿಟ್ಟು ಬಂತು. ಅಷ್ಟರಲ್ಲಿ ಮಂಜು ಕರಗತೊಡಗಿತು. ಮೂರನೇ ಫಿರಂಗಿ ನೆಲೆಯಲ್ಲಿ ಲಾಫಿಟ್ ಕಡೆಯ ಡೊಮಿನಿಕ್ ಯೂ ಮತ್ತು ರೆನಾಟೊ ಬೆಲೂಶ್ ನಿಂತಿದ್ದರು. ಅಲುಗಾಡುವ ಹಡಗಿನ ಮೇಲೆ ಗುರಿ ಇಟ್ಟು ಪಳಗಿದವರಿಗೆ ಗಟ್ಟಿ ನೆಲದ ಮೇಲೆ ಗುರಿ ತಪ್ಪುತ್ತದೆಯೇ? ಸ್ಕಾಟ್ಲೆಂಡಿನ 93ನೇ ಹೈಲ್ಯಾಂಡರ್ ಪಡೆ ಬಯಲಿನ ನಡುವೆ ಅಪ್ಪಣೆಗಾಗಿ ಕಾಯುತ್ತ ನಿಂತಲ್ಲೇ ಗುಂಡಿಗೆ ಸಿಕ್ಕಿ ತುಂಬ ಜನರನ್ನು ಕಳೆದುಕೊಂಡಿತು. ಆ ಒಂದು ಬೆಳಗ್ಗೆ ಬ್ರಿಟಿಷರು ಕಳೆದುಕೊಂಡದ್ದು ಸತ್ತವರು, ಗಾಯಾಳುಗಳು, ಸೆರೆಯಾದವರು ಸೇರಿ ಸುಮಾರು 2,000 ಜನ. ಜಾಕ್ಸನ್ ಕಡೆ ಸತ್ತವರು 13. ಬ್ರಿಟಿಷ್ ಸೇನಾಪತಿ ಎಡ್ವರ್ಡ್ ಪ್ಯಾಕನ್‌ಹ್ಯಾಮ್ ಬಯಲಿನಲ್ಲೇ ಪ್ರಾಣ ಬಿಟ್ಟ.

ಈ ಬಯಲಿಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ನಂಟು ಇದೆ. ದಾಳಿ ಶುರು ಅನ್ನುವುದಕ್ಕೆ ಆ ಬೆಳಗ್ಗೆ ಬ್ರಿಟಿಷರು ಆಕಾಶಕ್ಕೆ ಹಾರಿಸಿದ್ದು ರಾಕೆಟ್. ಡಿಸೆಂಬರ್ ಕೊನೆಯ ಕಾದಾಟಗಳಲ್ಲೂ ಅಮೆರಿಕನ್ನರ ಮೇಲೆ ರಾಕೆಟ್ ಬಿಟ್ಟಿದ್ದರು. ಇವು ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್‌ಗಳು. ಅದರ ಮೂಲ ಹೈದರ್ ಮತ್ತು ಟಿಪ್ಪುವಿನ ಮೈಸೂರು ರಾಕೆಟ್, ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿ ಹಾರಿಸುತ್ತಿದ್ದದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವನ್ನು ಇಂಗ್ಲೆಂಡಿನ ವೂಲಿಚ್‌ಗೆ ಒಯ್ದರು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದರಿಂದ 2018ರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕಿದವಲ್ಲ, ಅದೇ ಜಾತಿಯ ರಾಕೆಟ್. ಇನ್ನೊಂದು ಎಳೆಯೂ ಇದೆ. ಶಾಲ್ಮೆಟ್‌ನಲ್ಲಿ ಸತ್ತ ಪ್ಯಾಕನ್‌ಹ್ಯಾಮ್‌ನ ಅಕ್ಕನನ್ನು ಮದುವೆಯಾಗಿದ್ದವನು ವೆಲ್ಲಿಂಗ್ಟನ್. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕತ್ತಲಲ್ಲಿ ಟಿಪ್ಪುವಿನ ರಾಕೆಟ್‌ಗಳಿಗೆ ಸಿಕ್ಕಿ ಹಿಂದೆ ಸರಿದ ಆರ್ಥರ್ ವೆಲ್ಲೆಸ್ಲಿ ಅವನೇ. ಶಾಲ್ಮೆಟ್‌ನಲ್ಲಿ ರಾಕೆಟ್‌ಗಳಿಂದ ಸದ್ದು ಜಾಸ್ತಿ, ಹಾನಿ ಕಡಿಮೆ. ಆದರೂ ಮೈಸೂರಿನ ಕಮ್ಮಾರರ ಕೈಚಳಕ ಹದಿನೈದು ವರ್ಷದಲ್ಲಿ ಮಿಸಿಸಿಪ್ಪಿ ದಡಕ್ಕೆ ಹೋಗಿ ಮುಟ್ಟಿತ್ತು ಅನ್ನುವುದು ನೆನೆದಾಗಲೆಲ್ಲ ನನಗೆ ಮೈ ಝುಂ ಅನ್ನುತ್ತದೆ.

ಸಿನಿಮಾ ಎಲ್ಲಿ ಸುಳ್ಳು ಹೇಳುತ್ತದೆ? ಲಾಫಿಟ್ ಮತ್ತು ಗವರ್ನರನ ಮಗಳ ಪ್ರೇಮ ಪೂರ್ತಿ ಕಟ್ಟುಕಥೆ. 1814ರಲ್ಲಿ ಕ್ಲೈಬೋರ್ನ್‌ಗೇ ಇನ್ನೂ 40ರ ಆಸುಪಾಸು, ಮದುವೆ ವಯಸ್ಸಿನ ಮಗಳು ಎಲ್ಲಿಂದ ಬರಬೇಕು? ಜನವರಿ 8ರಂದು ಲಾಫಿಟ್ ಆ ಗೋಡೆಯ ಹಿಂದೆ ನಿಂತು ಹೋರಾಡಿದ ಅನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ. ಸಿನಿಮಾದ ಹೆಸರೇ ಒಂದಿಷ್ಟು ತಪ್ಪು. ಬಕನಿಯರ್‌ಗಳು 1600ರ ದಶಕಗಳ ಕ್ಯಾರಿಬಿಯನ್ ಜನ. ಮರದ ಚೌಕಟ್ಟಿನ ಮೇಲೆ ಮಾಂಸ ಹೊಗೆಯಾಡಿಸುತ್ತಿದ್ದ ಬೇಟೆಗಾರರು. ಆ ಚೌಕಟ್ಟಿಗೆ ಫ್ರೆಂಚರು ಬುಕಾನ್ ಅನ್ನುತ್ತಿದ್ದರು, ಹೆಸರು ಬಂದದ್ದು ಅದರಿಂದ. ಲಾಫಿಟ್ ಹುಟ್ಟುವ ಹೊತ್ತಿಗೆ ಅವರ ಕಾಲ ಮುಗಿದು ಎಷ್ಟೋ ದಶಕ ಆಗಿತ್ತು.

ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಿಬಿಡುತ್ತೇನೆ. ಯುದ್ಧ ಮುಗಿದ ಮೇಲೆ ನಡೆದ ಕಾದಾಟ ಇದು, ಸುಮ್ನೆ ಜನ ಸತ್ತರು ಅಂತ ಬಹಳ ಕಡೆ ಓದುತ್ತೇವೆ. ಯುರೋಪಿನ ಗೆಂಟ್ ಊರಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1814ರ ಡಿಸೆಂಬರ್ 24ರಂದು, ನಿಜ. ಆದರೆ ಎರಡೂ ದೇಶಗಳು ಅಧಿಕೃತವಾಗಿ ಒಪ್ಪುವವರೆಗೆ ಯುದ್ಧ ನಿಲ್ಲುವುದಿಲ್ಲ ಅಂತ ಆ ಒಪ್ಪಂದದಲ್ಲೇ ಇತ್ತು. ಅಮೆರಿಕ ಒಪ್ಪಿದ್ದು ಫೆಬ್ರವರಿ ನಡುವಿಗೆ. ಅಂದರೆ ಜನವರಿ 8ರಂದು ಯುದ್ಧ ಇನ್ನೂ ಜಾರಿಯಲ್ಲಿತ್ತು. ಇಲ್ಲೂ ಮಾತು ಕಾಗದದ್ದೇ.

ಲಾಫಿಟ್ ಕಾದಿದ್ದ ಪತ್ರ 1815ರ ಫೆಬ್ರವರಿ 6ರಂದು ಹೊರಬಿತ್ತು. ನ್ಯೂ ಆರ್ಲಿಯನ್ಸ್ ಕಾಯಲು ದುಡಿದ ಬರಟಾರಿಯಾದವರನ್ನು ಅಧ್ಯಕ್ಷ ಮ್ಯಾಡಿಸನ್ ಕ್ಷಮಿಸಿದ. ಆದರೆ ಪ್ಯಾಟರ್ಸನ್ ವಶಪಡಿಸಿಕೊಂಡ ಹಡಗು, ಸರಕನ್ನು ಸರ್ಕಾರ ತಿರುಗಿ ಕೊಡಲಿಲ್ಲ. ಲಾಫಿಟ್ ಅರ್ಜಿ ಮೇಲೆ ಅರ್ಜಿ ಹಾಕಿದ. ಅವನ ಜೊತೆಗಾರರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಬೆಲೂಶ್ ದಕ್ಷಿಣ ಅಮೆರಿಕಕ್ಕೆ ಹೋಗಿ, ಸ್ಪೇನಿನ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಕಾದಾಡುತ್ತಿದ್ದ ಸಿಮೋನ್ ಬೊಲಿವಾರ್‌ನ ನೌಕಾಪಡೆ ಸೇರಿದ. ಡೊಮಿನಿಕ್ ಯೂ ನ್ಯೂ ಆರ್ಲಿಯನ್ಸ್‌ನಲ್ಲೇ ಉಳಿದು 1830ರಲ್ಲಿ ಸತ್ತಾಗ ಊರು ಅವನನ್ನು ಸೇನಾ ಮರ್ಯಾದೆಯೊಂದಿಗೆ ಮಣ್ಣು ಮಾಡಿತು.

ಲಾಫಿಟ್ ಮಾತ್ರ ಟೆಕ್ಸಾಸಿನ ಗ್ಯಾಲ್ವೆಸ್ಟನ್ ದ್ವೀಪದಲ್ಲಿ ಇನ್ನೊಂದು ಬರಟಾರಿಯಾ ಕಟ್ಟಿದ. ಮತ್ತೆ ಸ್ಪೇನಿನ ಹಡಗು, ಮತ್ತೆ ಗುಲಾಮರ ವ್ಯಾಪಾರ. ಅಮೆರಿಕದ ನೌಕಾಪಡೆ ಅಲ್ಲಿಂದಲೂ ಎಬ್ಬಿಸಿತು. 1822ರಲ್ಲಿ ಬೊಲಿವಾರ್‌ನ ಕೊಲಂಬಿಯಾ ಅವನಿಗೆ ಒಂದು ಹಡಗು ಕೊಟ್ಟು ಸನ್ನದು ಬರೆದುಕೊಟ್ಟಿತು. ಮರುವರ್ಷ ಫೆಬ್ರವರಿಯಲ್ಲಿ ಹೊಂಡುರಾಸ್ ಕಡಲಲ್ಲಿ ಎರಡು ಸ್ಪೇನಿನ ಹಡಗುಗಳನ್ನು ಬೆನ್ನಟ್ಟಿ ಕಾದಾಡುವಾಗ ಗಾಯಗೊಂಡು ಸತ್ತ. ಕಾರ್ಟಹೇನಾದ ಪತ್ರಿಕೆ ಅವನ ಸಾವಿನ ಸುದ್ದಿಯನ್ನು ಮರ್ಯಾದೆಯಿಂದಲೇ ಅಚ್ಚು ಮಾಡಿತು.